ಆಂಟಿಯ ಹೆಸರಿನ ಫೋನು

ಮೆಲ್ಬರ್ನಿನ ವೆರಿಬೀ ಬಡಾವಣೆಯ ಚಂದ್ರಪ್ರಭಾ ಆಂಟಿಗೆ ಇನ್ನೊಬ್ಬರಿಗಾಗಿ ಸಹಿ ಹಾಕುವುದೆಂದರೆ ನೀರು ಕುಡಿದಷ್ಟು ಸುಲಭ. ಧಾರವಾಡದಿಂದ ಅಲ್ಲಿಗೆ ಬಂದು ಹದಿನೆಂಟು ವರ್ಷ. ಏಜ್ಡ್ ಕೇರ್‌ನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ. ಊರಿನಿಂದ ಹೊಸದಾಗಿ ಬಂದ ಹುಡುಗರಿಗೆ ಇಲ್ಲಿ ಯಾರೂ ಮನೆ ಕೊಡುವುದಿಲ್ಲ, ಕಂತಿನ ಮೇಲೆ ಫೋನೂ ಕೊಡುವುದಿಲ್ಲ. ಆಗ ಆಂಟಿಯೇ ಗತಿ. ಗಂಡ ಸಿದ್ದಲಿಂಗಪ್ಪ ಅಂಕಲ್ ಗೊಣಗಿದರೆ, "ಬರೇ ಒಂದು ಸಹಿ. ನಮ್ಮ ಗಂಟೇನು ಹೋಗ್ತದ?" ಎನ್ನುತ್ತಿದ್ದರು.

ಗಂಟು ಹೋಯಿತು. ಹೋಗಿದ್ದು ನನ್ನಿಂದ.

ಓದಲು ಬಂದ ಹೊಸತರಲ್ಲಿ ಆಂಟಿಯ ಮನೆಯ ಹಿಂದಿನ ಕೋಣೆಯಲ್ಲಿ ಎರಡು ವರ್ಷ ಬಾಡಿಗೆಗಿದ್ದೆ. ಬಾಡಿಗೆ ಎನ್ನುವುದು ಹೆಸರಿಗೆ. ಶನಿವಾರದ ರೊಟ್ಟಿ ಎಣಗಾಯಿಗಾಗಲಿ, ಜ್ವರ ಬಂದಾಗಿನ ಗಂಜಿಗಾಗಲಿ ಯಾರೂ ದುಡ್ಡು ಕೇಳಲಿಲ್ಲ. ನನಗೊಂದು ಫೋನು ಬೇಕೆಂದಾಗ ಆಂಟಿ, ಮಗ ಶ್ರೀನಾಥನಿಗೆ ಕೊಡಿಸಿದ ಹಾಗೆಯೇ, ತಮ್ಮ ಹೆಸರಿನಲ್ಲೇ ತೆಗೆಸಿಕೊಟ್ಟರು, ಕಂತು ನಾನು ಕಟ್ಟುತ್ತಿದ್ದೆ. ನಾಲ್ಕು ವರ್ಷದ ಹಿಂದೆ ಸಿಡ್ನಿಯಲ್ಲಿ ಕೆಲಸ ಸಿಕ್ಕಿತು. ಆಫೀಸಿನವರೇ ಹೊಸ ಫೋನು ಕೊಟ್ಟರು. ಹಳೆಯದನ್ನು ಡ್ರಾಯರಿಗೆ ಎಸೆದು ಕಂತು ನಿಲ್ಲಿಸಿಬಿಟ್ಟೆ. ಇನ್ನೂ ನಾನೂರ ಹನ್ನೆರಡು ಡಾಲರ್ ಬಾಕಿ ಇತ್ತು. ಗೊತ್ತಿರಲಿಲ್ಲ ಎಂದರೆ ನಾಲಿಗೆ ಬಿದ್ದುಹೋದೀತು. ಎರಡು ಸಲ ಮೆಸೇಜ್ ಬಂತು, ಮುಂದಿನ ಸಂಬಳಕ್ಕೆ ಕಟ್ಟೋಣ ಎಂದುಕೊಂಡೆ, ಆಮೇಲೆ ಸಿಮ್ಮನ್ನೇ ಬಿಸಾಕಿದೆ. ಹೆಸರು ನನ್ನದಲ್ಲವಲ್ಲ ಎಂಬ ಕೆಟ್ಟ ಧೈರ್ಯ.

ಈಗ ನಾನು ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಜನರಿಗೆ ಮನೆಸಾಲ ಮಾಡಿಸಿಕೊಡುವ ಬ್ರೋಕರ್. ಕಳೆದ ತಿಂಗಳು ಆಂಟಿ ಫೋನ್ ಮಾಡಿದರು. ಅವರಿರುವ ಬಾಡಿಗೆ ಮನೆಯನ್ನು ಮಾಲೀಕ ಮಾರುತ್ತಿದ್ದನಂತೆ. ಕೊಳ್ಳುತ್ತೀರಾ ಎಂದು ಮೊದಲು ಇವರನ್ನೇ ಕೇಳಿದ್ದ. ಇಲ್ಲದಿದ್ದರೆ ಆರು ವಾರದಲ್ಲಿ ಖಾಲಿ ಮಾಡಬೇಕು.

"ಅಭಿನವಾ, ನಮ್ಮ ಹುಡುಗ ನೀನೇ ಇರೂವಾಗ ಮಂದಿ ಕಡೆ ಯಾಕ ಹೋಗೂದು?" ಎಂದರು. ನನಗೆ ಹೆಮ್ಮೆಯಾಯಿತು.

ಅವರ ಕ್ರೆಡಿಟ್ ರಿಪೋರ್ಟ್ ತರಿಸಿ ನೋಡಿದೆ. ಒಂದು ಬಿಲ್ಲನ್ನೂ ತಡಮಾಡದ ಹೆಂಗಸು. ನಡುವೆ ಒಂದೇ ಒಂದು ಸಾಲು: ಫೋನ್ ಕಂಪನಿ, ವಸೂಲಿಯವರಿಗೆ ಹೋದ ಬಾಕಿ, ನಾನೂರ ಹನ್ನೆರಡು ಡಾಲರ್. ಪಕ್ಕದಲ್ಲಿ, ಪಾವತಿಯಾಗಿದೆ ಎಂದಿತ್ತು. ಕಟ್ಟಿದರೂ ಆ ಸಾಲು ಐದು ವರ್ಷ ಅಳಿಯುವುದಿಲ್ಲ, ಗಿರಾಕಿಗಳಿಗೆ ದಿನಾ ನಾನೇ ಹೇಳುವ ಮಾತು ಅದು. ಅದು ನನ್ನದೇ ಬಾಕಿ.

ಬ್ಯಾಂಕಿನವರು ಕೇಳಿದ್ದು ಇಷ್ಟೇ. ಈ ಬಾಕಿ ಹೇಗಾಯಿತೆಂದು ಅರ್ಜಿದಾರರು ಒಂದು ಪತ್ರ ಕೊಡಬೇಕು, ಕಾರಣ ಒಪ್ಪಿಗೆಯಾದರೆ ಸಾಲ. ನನಗೆ ಹೋದ ಜೀವ ಬಂದಂತಾಯಿತು. ಏನೋ ಒಂದು ಬರೆದು ದಾಟಿಸಿದರೆ ನನ್ನ ಹೆಸರು ಎಲ್ಲೂ ಬರುವುದಿಲ್ಲ.

ಶನಿವಾರ ಬೆಳಿಗ್ಗೆ ವಿಡಿಯೋ ಕಾಲ್ ಮಾಡಿದೆ. ಆಂಟಿ ರೊಟ್ಟಿ ಬಡಿಯುತ್ತಿದ್ದರು.

"ಆಂಟಿ, ಆ ಹಳೇ ಫೋನ್ ಬಾಕಿ ಬಗ್ಗೆ ಬ್ಯಾಂಕಿಗೆ ಒಂದು ಲೆಟರ್ ಬೇಕು."

"ಅದಾ? ಆವಾಗೇ ಕಟ್ಟೀನಲ್ಲೋ. ನಾ ಹೇಳ್ತೀನಿ, ನೀ ಬರಿ. ನನ್ನ ಮಗ ಸಣ್ಣಾವಿದ್ದ, ತಿಳೀಲಾರದ ಮಾಡ್ಯಾನ, ಕ್ಷಮಾ ಮಾಡ್ರಿ ಅಂತ ಬರಿ."

"ಶ್ರೀನಾಥಾ?"

"ಮತ್ಯಾರು? ಅವನ ಫೋನೂ ನನ್ನ ಹೆಸರಿನ ಮ್ಯಾಲೇ ಇತ್ತಲ್ಲ. ವಸೂಲಿಯವರ ಕಾಗದದಾಗ ಫೋನ್ ನಂಬರ್ ಇರಲಿಲ್ಲ, ನನ್ನ ಹೆಸರಷ್ಟ ಇತ್ತು. ನಂದಲ್ಲ, ಅಭಿನವನ್ನ ಕೇಳು ಅಂತ ವಾದಾ ಮಾಡಿದ." ಆಂಟಿ ರೊಟ್ಟಿಯನ್ನು ತವೆಗೆ ಹಾಕಿ ಮೇಲೆ ನೀರು ಸವರಿದರು. "ಕಪಾಳಕ್ಕ ಹೊಡದೆ. ಉಂಡ ಮನೀಗೆ ಎರಡು ಬಗಿಯೋ ಹುಡುಗ ಅಲ್ಲ ಅಭಿನವ ಅಂದೆ. ಅವತ್ತ ಮನಿ ಬಿಟ್ಟು ಹ್ವಾದ. ಈಗ ಜೀಲಾಂಗ್‌ದಾಗ ಅದಾನ. ಹಬ್ಬಕ್ಕ ಒಂದು ಮೆಸೇಜ್ ಹಾಕ್ತಾನ, ಅಷ್ಟ."

'ನನ್ನ ಮಗ' ಎಂದು ನಾನು ಆಗಲೇ ಟೈಪ್ ಮಾಡಿದ್ದೆ. ಬೆರಳು ಮುಂದೆ ಹೋಗಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಈ ನಾಲ್ಕು ವರ್ಷದಲ್ಲಿ ಮೆಲ್ಬರ್ನ್‌ಗೆ ಹೋದಾಗಲೆಲ್ಲ ಅವರ ಮನೆಯಲ್ಲೇ ಊಟ ಮಾಡಿದ್ದೇನೆ, ಅದೂ ಶ್ರೀನಾಥ ಕೂರುತ್ತಿದ್ದ ಕುರ್ಚಿಯಲ್ಲಿ. ಅವನೆಲ್ಲಿ ಎಂದು ಕೇಳಿದರೆ ಆಂಟಿ, ಕೆಲಸ ಜಾಸ್ತಿಯಂತೆ ಎನ್ನುತ್ತಿದ್ದರು. ನಾನು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದೆ.

"ಆಂಟಿ, ಅದು ಶ್ರೀನಾಥಂದಲ್ಲ. ನಂದು. ಬಾಕಿ ಇದೆ ಅಂತ ಗೊತ್ತಿದ್ದೂ ಕಟ್ಟದೆ ಬಿಟ್ಟೆ."

ರೊಟ್ಟಿ ಹೊತ್ತಿ ಹೊಗೆ ಎದ್ದರೂ ಆಂಟಿ ತೆಗೆಯಲಿಲ್ಲ. ಅಂಕಲ್ ಬಂದು ಒಲೆ ಆರಿಸಿದರು.

"ದುಡ್ಡು ಇವತ್ತೇ ಹಾಕ್ತೀನಿ ಆಂಟಿ. ಬ್ಯಾಂಕಿಗೂ ನನ್ನ ಹೆಸರೇ ಬರೆದು ಲೆಟರ್ ಕೊಡ್ತೀನಿ. ಲೋನ್ ಆಗತ್ತೆ..." ನಾನು ತೊದಲುತ್ತಲೇ ಇದ್ದೆ.

ಆಂಟಿ ಹಿಟ್ಟು ಮೆತ್ತಿದ ತಮ್ಮ ಬಲಗೈಯನ್ನು ನೋಡುತ್ತಿದ್ದರು.

"ಬ್ಯಾಂಕಿನವರಿಗೆ ನೀ ಬರಿ," ಎಂದರು ಕೊನೆಗೆ. "ಶ್ರೀನಾಥಗ ನಾ ಏನಂತ ಬರೀಲಿ? ಅದನ್ನ ಹೇಳು."