ಬಾಕನ್ನು ಮದುವೆಯಾದ ಹಂಪಕ್ಕ

ನನ್ನ ಗಂಡ ಬೋರಪ್ಪ ಮೊದಲ ಸಲ ಹಸೆಯ ಮೇಲೆ ಕೂತದ್ದು ನನ್ನ ಪಕ್ಕದಲ್ಲಲ್ಲ, ಹಂಪಕ್ಕನ ಪಕ್ಕದಲ್ಲಿ. ಗುಮ್ಮಘಟ್ಟಕ್ಕೆ ಸೊಸೆಯಾಗಿ ಕಾಲಿಟ್ಟ ದಿನವೇ ಈ ಮಾತು ನನ್ನ ಕಿವಿಗೆ ಬಿತ್ತು. ಆರತಿ ಹಿಡಿದ ಹೆಂಗಸರಲ್ಲಿ ಒಬ್ಬಳು, "ಬೋರಪ್ಪಗ ಇದೇನು ಹೊಸದಲ್ಲ ಬಿಡ್ರೇ, ಮೊದಲೊಮ್ಮೆ ಕುಂತು ರೂಢಿ ಅದ" ಅಂದಳು. ಎಲ್ಲರೂ ನಕ್ಕರು. ಒಳಬಾಗಿಲಲ್ಲಿ ನಿಂತಿದ್ದ ಹಂಪಕ್ಕ ಎಲ್ಲರಿಗಿಂತ ಜೋರಾಗಿ ನಕ್ಕಳು. ಹೊಸ್ತಿಲ ಮೇಲಿನ ಸೇರಕ್ಕಿಯನ್ನು ಒದೆಯುವುದು ಬಿಟ್ಟು ನಾನು ಅವಳ ಮುಖವನ್ನೇ ನೋಡುತ್ತ ನಿಂತೆ.

ಹಂಪಕ್ಕ ನನ್ನ ಗಂಡನ ಅಣ್ಣ ಜಂಬಯ್ಯನ ಹೆಂಡತಿ, ನನಗೆ ಹಿರಿಯ ವಾರಗಿತ್ತಿ. ಜಂಬಯ್ಯ ಚಿಕ್ಕವನಿದ್ದಾಗಲೇ ಸೋದರಮಾವನ ಜೊತೆ ಸಮುದ್ರ ದಾಟಿ ನೇಟಾಲಿನ ಕಬ್ಬಿನ ತೋಟಕ್ಕೆ ಹೋದವನು. ದೊಡ್ಡವನಾದ ಮೇಲೆ ಡರ್ಬನ್ ಊರಲ್ಲಿ ಒಂದು ಹೋಟೆಲಿನ ಅಡಿಗೆಮನೆಗೆ ಸೇರಿಕೊಂಡ. ಮಡಕಶಿರಾ ಕಡೆಯ ಅಮರಾಪುರದ ಹೆಣ್ಣನ್ನು ಅವನಿಗೆ ಗೊತ್ತು ಮಾಡಿ, ಲಗ್ನ ಇಟ್ಟು, ಬರಹೇಳಿ ಕಾಗದ ಹಾಕಿದ್ದರು. ಲಗ್ನದ ದಿನ ಬಂತು, ಸ್ಟೀಮರು ಬರಲಿಲ್ಲ. ಚಪ್ಪರ ಹಾಕಿಯಾಗಿತ್ತು, ಹೆಣ್ಣಿಗೆ ಅರಿಶಿನ ಹಚ್ಚಿಯಾಗಿತ್ತು. ಅರಿಶಿನ ಹಚ್ಚಿದ ಹೆಣ್ಣನ್ನು ಹಾಗೆಯೇ ಎಬ್ಬಿಸುವಂತಿಲ್ಲ. ಇದಕ್ಕೆ ನಮ್ಮವರಲ್ಲಿ ಒಂದು ದಾರಿಯಿದೆ. ಗಂಡು ಬಾರದಿದ್ದರೆ ಅವನ ಬಾಕು ಬರುತ್ತದೆ. ಆ ಸೊಂಟದ ಕತ್ತಿಗೆ ಬಾಸಿಂಗ ಕಟ್ಟಿ ಹಸೆಗೆ ತರುತ್ತಾರೆ, ಐದು ಜನ ಮುತ್ತೈದೆಯರು ತಾಳಿಯನ್ನು ಅದಕ್ಕೆ ಮುಟ್ಟಿಸಿ ಹೆಣ್ಣಿಗೆ ಕಟ್ಟುತ್ತಾರೆ. ಬಾಕು ತಾನಾಗಿ ಕೂರುವುದಿಲ್ಲವಲ್ಲ, ಅದಕ್ಕೆ ತಮ್ಮ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ವಾರದ ಮೇಲೆ ಜಂಬಯ್ಯ ಬಂದಿಳಿದ. ಯುಗಾದಿಯವರೆಗೆ ಹೆಂಡತಿಯ ಜೊತೆ ಸಂಸಾರ ಮಾಡಿದ. ಆಮೇಲೆ ಅಲ್ಲಿಯ ರಹದಾರಿಯ ಗಡುವು ಮುಗಿಯುತ್ತದೆಂದು ಹೊರಟುಹೋದ. ನಡೆದದ್ದು ಇಷ್ಟೇ. ನನಗೂ ಗೊತ್ತು. ಗೊತ್ತಿದ್ದರೇನು, ಹೊಟ್ಟೆ ಉರಿಯುವುದು ನಿಲ್ಲುತ್ತದೆಯೇ?

ಅದಕ್ಕೆ ತುಪ್ಪ ಸುರಿಯಲು ಪಡಸಾಲೆಯ ಗೋಡೆಯ ಮೇಲೆ ಒಂದು ಪಟ ಬೇರೆ. ಮದುವೆಯ ಪಟ ತೆಗೆಸಿ ಇಡಬೇಕೆಂದು ಜಂಬಯ್ಯನೇ ಬರೆದಿದ್ದನಂತೆ, ಬಳ್ಳಾರಿಯಿಂದ ಪಟ ತೆಗೆಯುವವನನ್ನು ಕರೆಸಿದ್ದರು. ಪಟದಲ್ಲಿ ಹಂಪಕ್ಕ ತಲೆ ತಗ್ಗಿಸಿ ಕೂತಿದ್ದಾಳೆ. ಪಕ್ಕದಲ್ಲಿ ನನ್ನ ಗಂಡ, ಆಗಿನ್ನೂ ಮೀಸೆ ಚಿಗುರುತ್ತಿದ್ದವನು, ಶಾಲು ಹೊದ್ದು ಮೈಸೂರು ಮಹಾರಾಜನ ಹಾಗೆ ಕೂತಿದ್ದಾನೆ. ಬಾಕು ಶಾಲಿನ ಒಳಗಿದೆ, ಕಾಣುವುದಿಲ್ಲ. ನನ್ನ ಮದುವೆಗೆ ಪಟ ತೆಗೆಸಲಿಲ್ಲ. ಕೇಳಿದ್ದಕ್ಕೆ ಅತ್ತೆ ತಿಪ್ಪಕ್ಕ, "ಗಂಡ ಕಣ್ಣ ಮುಂದ ಇರಾಕಿಗೆ ಪಟ ಯಾಕ?" ಅಂದರು.

ಹಂಪಕ್ಕನಲ್ಲಿ ಕೆಟ್ಟದ್ದು ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು. ಕಪ್ಪಗೆ, ಎತ್ತರಕ್ಕೆ, ಗಟ್ಟಿ ಕೈಕಾಲಿನ ಹೆಂಗಸು. ನಡೆಯುತ್ತ ನಡೆಯುತ್ತಲೇ ಉಣ್ಣೆ ನೂಲುತ್ತಿದ್ದಳು, ನೂಲು ಹರಿದು ತುಂಡಾಗುತ್ತಿರಲಿಲ್ಲ, ಮಾತೂ ತುಂಡಾಗುತ್ತಿರಲಿಲ್ಲ. ಕುರಿ ಈಯುವಾಗ ಅವನ್ನು ಕೂಡುವ ರೊಪ್ಪದಲ್ಲಿ ಅವಳೇ ಇರಬೇಕು. ನಮ್ಮದು ಜೋಳದ ರೊಟ್ಟಿಯ ಮನೆ, ಅವಳು ಬಂದು ರಾಗಿಮುದ್ದೆ ತಂದಳು, ಎಲ್ಲರೂ ಮುದ್ದೆಗೆ ಬಿದ್ದರು. ರಾಯದುರ್ಗದಲ್ಲಿ ನಾಲ್ಕನೆಯ ಕ್ಲಾಸಿನವರೆಗೆ ಓದಿದ ನಾನು ತಟ್ಟಿದ ರೊಟ್ಟಿ ಬುಟ್ಟಿಯಲ್ಲೇ ಒಣಗುತ್ತಿತ್ತು. ನೇಟಾಲಿನ ಕಾಗದ ಬಂದರೆ ಅವಳಿಗೆ ಓದಿ ಹೇಳುವವಳೂ ನಾನೇ. 'ನಿನ್ನ ನಗು ಇಲ್ಲಿ ತನಕ ಕೇಳಿಸುತ್ತದೆ' ಎಂದೆಲ್ಲ ಜಂಬಯ್ಯ ಬರೆಯುತ್ತಿದ್ದ. ಅದನ್ನು ನಾನು ನನ್ನ ಬಾಯಿಂದ ಓದಬೇಕು. ನನ್ನ ಗಂಡ ಜೊತೆಗಿದ್ದೂ ನನಗೆ ಆಡಿದ ಸಿಹಿಮಾತು ಅಂದರೆ, "ಉಪ್ಪು ಸರಿಯದ."

ಮಗ ಹುಟ್ಟಿದ ಮೇಲೆ ನನ್ನ ಸಂಕಟ ಎರಡಾಯಿತು. ಮನೆಯ ಮೊದಲ ಮೊಮ್ಮಗ ಹಿರಿಯ ಸೊಸೆಯನ್ನೇ ಅವ್ವ ಅನ್ನಬೇಕು, ಅದು ಆ ಮನೆಯ ರೂಢಿ. ಹೆತ್ತವಳನ್ನು ನಾಲ್ಕು ಜನ ಕೂಗಿದಂತೆ ಅವನೂ ಕೂಗುತ್ತಾನೆ. ನಾನು ನಾಗಕ್ಕ, ಅವನಿಗೂ ನಾಗಕ್ಕನೇ ಆದೆ. ಹೆಸರು ಇಡುವಾಗ ಹಂಪಕ್ಕ ತನ್ನ ಕಡೆಯ ದೇವರಿಗೆ ಹರಸಿಕೊಂಡಿದ್ದೇನೆಂದಳು, ಮಗು ಜುಂಜಪ್ಪನಾದ. ಮಾತು ಬಂದದ್ದೂ ಅವಳ ಮಾತೇ. "ನಾ ಓಗಾಕಿಲ್ಲ, ಅವ್ವನ ತಾವ ಓಯ್ತೀನಿ" ಅನ್ನುತ್ತಿದ್ದ. ಒಂಬತ್ತು ತಿಂಗಳು ಹೊತ್ತು ರಾಯದುರ್ಗದವಳು ಹೆತ್ತ ಮಗ ಅಮರಾಪುರದವನಾಗಿ ಬೆಳೆಯುತ್ತಿದ್ದ.

ಸಾವಿರದ ಒಂಬೈನೂರ ಇಪ್ಪತ್ತೈದರಲ್ಲಿ, ಶೇಂಗಾ ಕೀಳುವ ಕಾಲಕ್ಕೆ ಬಂದ ಕಾಗದ ಓದುವಾಗ ಹಂಪಕ್ಕನ ಕೈಯ ನೂಲು ಮೊದಲ ಸಲ ಹರಿಯಿತು. ಜಂಬಯ್ಯ ಅವಳನ್ನು ಕರೆಸಿಕೊಳ್ಳುತ್ತಿದ್ದ. ಅಲ್ಲಿಯ ಸರ್ಕಾರ ಈಗ ಹೊಸಬರನ್ನು ಸೇರಿಸುವುದಿಲ್ಲ, ನೆಲೆ ನಿಂತವರ ಹೆಂಡತಿಯನ್ನು ಮಾತ್ರ ಬಿಡುತ್ತದೆ. ಹೆಂಡತಿ ನಿಜವೆಂದು ಇಲ್ಲಿಯ ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡಿ ಸರ್ಟಿಫಿಕೇಟು ಕೊಡಬೇಕು. ಈ ಸಲ ಬಾರದಿದ್ದರೆ, ಸೋದರಮಾವ ಅಲ್ಲಿ ತನ್ನ ಮಗಳನ್ನೇ ಕಟ್ಟಲು ಕಾದಿದ್ದಾನೆ, ತಾನು ಎಷ್ಟು ದಿನ ತಪ್ಪಿಸಿಕೊಂಡಾನು ಎಂದೂ ಬರೆದಿದ್ದ.

"ಆ ಹುಡುಗಿ ಯಂಗವ್ಳಂತೆ ನಾಗಿ? ಬರೆದವ್ನಾ?" ಹಂಪಕ್ಕ ಕೇಳಿದಳು.

"ಇಲ್ಲ ಅಕ್ಕ."

"ಬೆಳ್ಳಗಿರ್ತಾಳೆ ಬಿಡು. ಅಲ್ಲಿ ಎಲ್ರೂ ಬೆಳ್ಳಗಿರ್ತಾರೆ." ಆವತ್ತು ಅವಳು ಊಟ ಮಾಡಲಿಲ್ಲ. ಹೊಟ್ಟೆಕಿಚ್ಚಿನ ರುಚಿ ಅವಳಿಗೂ ಗೊತ್ತಾಯಿತಲ್ಲ ಎಂದು ನನಗೆ ಒಳಗೊಳಗೇ ಸಮಾಧಾನ. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. ಅವಳು ರೈಲು ಹತ್ತುತ್ತಾಳೆ, ಸ್ಟೀಮರು ಹತ್ತುತ್ತಾಳೆ, ಸಮುದ್ರ ನೋಡುತ್ತಾಳೆ. ನಾನು ಇದೇ ರೊಪ್ಪದ ಕಸ ಬಳಿಯುತ್ತೇನೆ. ಹೋದರೂ ಉರಿ, ಉಳಿದರೂ ಉರಿ.

ವಿಚಾರಣೆಗೆ ರಾಯದುರ್ಗದ ತಾಲ್ಲೂಕು ಕಚೇರಿಗೆ ಬರಹೇಳಿದರು. ಊರ ಹಿರಿಯ ದೊಡ್ಡರಂಗಪ್ಪ ಸಾಕ್ಷಿ, ನನ್ನ ಗಂಡ ಸಾಕ್ಷಿ. ಮದುವೆಗೆ ಪುರಾವೆ ಏನೆಂದರೆ ಆ ಪಟ. ಜುಂಜ ಅವ್ವನನ್ನು ಬಿಟ್ಟಿರುವುದಿಲ್ಲವೆಂದು ಅವನನ್ನೂ, ಅವನನ್ನು ಹಿಡಿದುಕೊಳ್ಳಲು ನನ್ನನ್ನೂ ಬಂಡಿಗೆ ಹತ್ತಿಸಿದರು. ಯೋಚನೆ ಮಾಡುವವರು ಹೀಗೆ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಹೋಗುತ್ತಿರಲಿಲ್ಲ. ನಾವು ಮದುವೆಯ ವಿಷಯವಲ್ಲವೇ, ಎಲ್ಲರೂ ಇದ್ದರೆ ಚೆನ್ನ ಎಂದುಕೊಂಡೆವು.

ಮ್ಯಾಜಿಸ್ಟ್ರೇಟರು ಕರಾವಳಿ ಆಂಧ್ರದ ಕಡೆಯವರು. ವಯಸ್ಸಾದವರು, ತೆಲುಗು ಬೆರೆಸಿ ಕನ್ನಡ ಆಡುತ್ತಿದ್ದರು. ನಾನು ಮಗುವನ್ನು ಎತ್ತಿಕೊಂಡು ಬಾಗಿಲ ಹೊರಗೆ ನಿಂತಿದ್ದೆ. ಎಲ್ಲವೂ ಕಾಣುತ್ತಿತ್ತು, ಕೇಳುತ್ತಿತ್ತು. ಅವರು ಪಟ ನೋಡಿದರು, ನನ್ನ ಗಂಡನ ಮುಖ ನೋಡಿದರು, ಮತ್ತೆ ಪಟ ನೋಡಿದರು.

"ಏಮಮ್ಮಾ, ಈ ಪಟದಲ್ಲಿ ನಿನ್ನ ಪಕ್ಕ ಕೂತವನು ಇವನೇ ಅಲ್ಲವಾ?"

"ಊ ಸ್ವಾಮಿ, ನಮ್ ಮೈದ."

"ಮತ್ತೆ ಮದುಮಗ ಎಲ್ಲಿ?"

"ಅಗಾ, ಮೈದನ ತೊಡೆ ಮ್ಯಾಲವ್ನೆ."

"ತೊಡೆ ಮೇಲೆ?"

"ಬಾಕು ಸ್ವಾಮಿ. ಶಾಲಿನ ಒಳಗೈತೆ."

ಗುಮಾಸ್ತರೆಲ್ಲ ಬರೆಯುವುದು ನಿಲ್ಲಿಸಿ ನಕ್ಕರು. ಮ್ಯಾಜಿಸ್ಟ್ರೇಟರು ನಗಲಿಲ್ಲ. "ಬಾಕನ್ನು ಮದುವೆಯಾಗಿದ್ದರೆ ಬಾಕಿನ ಜೊತೆ ಇಲ್ಲೇ ಇರು. ನೇಟಾಲಿಗೆ ಯಾಕೆ?"

ದೊಡ್ಡರಂಗಪ್ಪ ಮುಂದೆ ಬಂದ. "ನಮ್ಮ ಕುಲದಾಗ ಹಂಗ ನಡಿತೈತ್ರಿ ದೊರಿ. ಗಂಡ ಆಮ್ಯಾಲ ಬಂದ, ಯುಗಾದಿ ತನಕ ಇದ್ದ, ಊರೆಲ್ಲ ನೋಡೈತ್ರಿ."

"ಊರಿಗೇನಯ್ಯಾ, ಕರೆದು ತಂದರೆ ಏನು ಬೇಕಾದರೂ ಹೇಳುತ್ತದೆ. ಯಾರದೋ ಹೆಂಡತಿಯನ್ನು ಇನ್ಯಾರದೋ ಹೆಂಡತಿ ಅಂತ ಹಡಗು ಹತ್ತಿಸುವವರು ಬಹಳ ಮಂದಿ. ಸುಳ್ಳು ಅಂತ ಗೊತ್ತಾದರೆ ಸಾಕ್ಷಿದಾರರಿಗೂ ಜೈಲು."

ಹಂಪಕ್ಕ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಅವಳು ಅತ್ತದ್ದನ್ನು ಜುಂಜ ಎಂದೂ ನೋಡಿದವನಲ್ಲ. ನನ್ನ ಸೊಂಟದಿಂದ ಜಾರಿದವನೇ ಒಳಗೆ ಓಡಿದ. "ಅವ್ವಾ! ಅಳಬ್ಯಾಡ ಕಣವ್ವಾ!" ಅವಳ ಸೀರೆಯನ್ನು ತಬ್ಬಿಕೊಂಡ. ಆಮೇಲೆ ಪಕ್ಕದಲ್ಲಿದ್ದ ನನ್ನ ಗಂಡನ ಪಂಚೆ ಜಗ್ಗಿ, "ಅಪ್ಪಾ, ಆ ತಾತ ಅವ್ವನ್ನ ಬೈತಾನೆ" ಅಂದ.

ಮ್ಯಾಜಿಸ್ಟ್ರೇಟರು ಲೇಖನಿ ಕೆಳಗಿಟ್ಟರು. "ಯಾರ ಮಗು ಇದು?"

ಹಂಪಕ್ಕ ಮೂಗು ಒರೆಸಿಕೊಳ್ಳುತ್ತ, "ನಮ್ದೇ ಸ್ವಾಮಿ" ಅಂದುಬಿಟ್ಟಳು. ಹಟ್ಟಿಯ ಕುರಿಯನ್ನಾಗಲಿ ಮಗುವನ್ನಾಗಲಿ ನಮ್ಮ ಕಡೆ ಯಾರು ಕೇಳಿದರೂ ಹೇಳುವುದೇ ಹಾಗೆ. ಕಚೇರಿಯವರಿಗೆ ಅದು ಹೇಗೆ ತಿಳಿಯಬೇಕು?

"ಆಯಿತಲ್ಲ" ಅಂದರು ಅವರು. "ಪಟದಲ್ಲಿ ಇವನು, ಮಗುವಿಗೆ ಅಪ್ಪ ಇವನು, ಅವ್ವ ನೀನು. ಇನ್ನೇನು ವಿಚಾರಣೆ ಉಳಿಯಿತು?"

ನನ್ನ ಗಂಡನ ಬೆರಳು ಮಾತ್ರ ನನ್ನ ಕಡೆ ತೋರಿಸಿತು. ಒಳಗೆ ಬಾ ಎಂದು ಜವಾನ ನನ್ನನ್ನು ಕರೆದ.

ನಾನು ಆ ಎರಡು ಹೆಜ್ಜೆಯಲ್ಲಿ ಲೆಕ್ಕ ಹಾಕಿದೆ. ಸರ್ಟಿಫಿಕೇಟು ಸಿಗದಿದ್ದರೆ ಹಂಪಕ್ಕ ಇಲ್ಲೇ ಉಳಿಯುತ್ತಾಳೆ. ಅಲ್ಲಿ ಜಂಬಯ್ಯ ಬೇರೆ ಹೆಣ್ಣನ್ನು ಕಟ್ಟಿಕೊಳ್ಳುತ್ತಾನೆ. ಇಲ್ಲಿ ಅವಳು ನನ್ನ ಗಂಡನ ಹೆಂಡತಿಯೆಂದು ಸರ್ಕಾರವೇ ಹೇಳಿದಂತಾಗುತ್ತದೆ. ಊರಿನ ಕುಚೋದ್ಯಕ್ಕೆ ಸೀಲು ಬೀಳುತ್ತದೆ.

ಮ್ಯಾಜಿಸ್ಟ್ರೇಟರು ಮಗುವಿನ ಗದ್ದ ಹಿಡಿದು ಕೇಳಿದರು: "ಬಾಬೂ, ಇವಳು ಯಾರು ಹೇಳು?"

"ನಾಗಕ್ಕ" ಅಂದ ನನ್ನ ಮಗ.

ಗುಮಾಸ್ತರು ಮತ್ತೆ ನಕ್ಕರು. ಅಷ್ಟೇ, ನನ್ನ ಕಣ್ಣಿಗೆ ಕಚೇರಿ ಕಾಣಲಿಲ್ಲ, ದೊರೆ ಕಾಣಲಿಲ್ಲ.

"ನಗ್ರಿ, ಎಲ್ರೂ ನಗ್ರಿ! ಹೆತ್ತಾಕಿ ನಾನ್ರೀ. ಹೆಸರಿಟ್ಟಾಕಿ ಈಕಿ, ಮಾತು ಕಲಿಸಿದಾಕಿ ಈಕಿ, ಮುದ್ದಿ ತಿನಿಸಿ ನನ್ನ ರೊಟ್ಟಿ ಬಿಡಿಸಿದಾಕಿ ಈಕಿ! ನನ್ನ ಗಂಡ ಮೊದಲು ಹಸಿ ಏರಿದ್ದೂ ಈಕಿ ಪಕ್ಕದಾಗ! ದಿನಾ ಆ ಪಟದ ಕೆಳಗ ಕಸ ಹೊಡಿತೀನ್ರಿ ನಾನು. ಈಕಿ ಖರೇನ ಇವನ ಹೆಂಡ್ತಿ ಆಗಿದ್ರ, ಈಕಿ ತಲ್ಯಾಗ ಒಂದು ಕೂದಲು ಉಳಿಸ್ತಿದ್ನೇನ್ರಿ? ಈಕಿ ಗಂಡ ಅಲ್ಲಿ ಕುಂತು 'ನಿನ್ನ ನಗು ಕೇಳಿಸ್ತದ' ಅಂತ ಬರೀತಾನ, ಓದಿ ಹೇಳಾಕ ನಾನು ಬೇಕು! ಕಳಸ್ರಿ ಈಕಿನ್ನ, ಈಕಿ ಗಂಡನ ಹತ್ರ ಕಳಸ್ರಿ, ನನ್ನ ಮನಿ ನನಗ ಬಿಡ್ರಿ!"

ಹಂಪಕ್ಕ ಸುಮ್ಮನಿರುವವಳೇ? ಅಳು ಅಲ್ಲೇ ನಿಂತಿತು. "ಎಲಾ ಇವಳ! ಐದು ವರ್ಸದಿಂದ ಇದನ್ನ ಒಳಗಿಟ್ಕಂಡು ನನ್ನ ಮುದ್ದೆ ತಿಂದ್ಯೇನಮ್ಮಿ? ನಿನ್ ಗಂಡನ್ನ ಯಾರು ಕೇಳ್ತಾರೆ? ಮಾತಾಡು ಅಂದ್ರೆ ಟಗರು ನಿಂತಂಗೆ ನಿಂತವ್ನೆ, ನೋಡು! ನನ್ ಗಂಡ ಬಂದ ದಿನ ಬಂಡಿಯಿಂದ ಇಳಿಯಾಕೆ ಮುಂಚೆ ಹೆಂಡ್ತಿ ಎಲ್ಲಿ ಅಂದ. ನಾನು ರೊಪ್ಪದಾಗೆ ಅವಿತ್ಕಂಡ್ರೆ ರೊಪ್ಪಕ್ಕೇ ಬಂದ, ಬೂಟ್ಸು ಹಾಕ್ಕಂಡು! ಅಂಥೋನ್ನ ಬಿಟ್ಟು ನಿನ್ ಬೋರಪ್ಪನ್ನ ಹಿಡ್ಕಂತೀನಾ?"

"ನನ್ನ ಗಂಡಗ ಟಗರು ಅಂದ್ರ ಚಲೋ ಇರಂಗಿಲ್ಲ ನೋಡ್ರಿ ಅಕ್ಕ!"

"ಟಗರಿಗೇನಾಗೈತೆ, ಒಳ್ಳೆ ಪ್ರಾಣಿ!"

ಜುಂಜ ಬೆದರಿ ದೊಡ್ಡರಂಗಪ್ಪನ ಕಾಲ ಹಿಂದೆ ಸೇರಿಕೊಂಡ. ಜವಾನ "ಸದ್ದು, ಸದ್ದು" ಎಂದು ಕೂಗಿದ. ಮ್ಯಾಜಿಸ್ಟ್ರೇಟರು ಕೈಯೆತ್ತಿ ಅವನನ್ನೇ ಸುಮ್ಮನಾಗಿಸಿದರು. ಕನ್ನಡಕ ತೆಗೆದು ಒರೆಸಿದರು.

"ನಮ್ಮ ಮನೆಯಲ್ಲೂ ಇಬ್ಬರು ಕೋಡಳ್ಳು ಇದ್ದಾರೆ, ಇಬ್ಬರು ಸೊಸೆಯಂದಿರು" ಅಂದರು ಗುಮಾಸ್ತನಿಗೆ. "ಸಾಕ್ಷಿಯನ್ನು ಹೇಳಿಕೊಟ್ಟು ತರಬಹುದಯ್ಯಾ, ಇಂಥ ಜಗಳವನ್ನು ಹೇಳಿಕೊಟ್ಟು ತರೋಕೆ ಆಗಲ್ಲ. ಬರಿ. ಇವಳು ಇವನ ಹೆಂಡತಿ, ಅವಳು ಅವನ ಹೆಂಡತಿ." ಆಮೇಲೆ ನನ್ನ ಗಂಡನ ಕಡೆ ತಿರುಗಿ, "ನೀನು ಬದುಕಿದೆ ಹೋಗು" ಅಂದರು.

ಹಂಪಕ್ಕನ ಹೆಬ್ಬೆರಳಿಗೆ ಮಸಿ ಹಚ್ಚಿ ಒತ್ತಿಸಿಕೊಂಡರು. ಬಂಡಿಯಲ್ಲಿ ವಾಪಸು ಬರುವಾಗ, ಊರು ಹತ್ತಿರವಾದಾಗ ಅವಳು ಮಸಿ ಹತ್ತಿದ ಹೆಬ್ಬೆರಳನ್ನು ನನ್ನ ಕೆನ್ನೆಗೆ ತೀಡಿ, "ದಿಷ್ಟಿ ಬೊಟ್ಟು ಕಣಮ್ಮಿ" ಅಂದಳು. ನಾನು ಒರೆಸಿಕೊಂಡೆ. ನಗು ಬಂತು, ತೋರಿಸಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಹೊರಟಳು. ಗುಂತಕಲ್ಲಿನಿಂದ ನೇಟಾಲಿಗೆ ಮರಳುವ ಒಂದು ಸಂಸಾರದ ಜೊತೆ ಬೊಂಬಾಯಿಗೆ, ಅಲ್ಲಿಂದ ಸ್ಟೀಮರು. ರಾಯದುರ್ಗದ ಸ್ಟೇಷನ್ನಿನಲ್ಲಿ ನನ್ನ ಗಂಡ ಅವಳ ಟ್ರಂಕನ್ನು ಹೊರಲು ಬಗ್ಗಿದ. ಒಂದು ಕಡೆಯ ಹಿಡಿಯನ್ನು ನಾನೇ ಹಿಡಿದೆ. ಹಂಪಕ್ಕ ಅದನ್ನು ನೋಡಿ ಪ್ಲಾಟ್‌ಫಾರಂ ಎಲ್ಲ ಕೇಳುವಂತೆ ನಕ್ಕಳು. ಆ ನಗು ಈಗ ಅಷ್ಟು ದೂರ ಹೋಗುತ್ತದೆಯಲ್ಲ, ಇನ್ನು ಕಾಗದದಲ್ಲಿ ಯಾರೂ ಅದನ್ನು ಬರೆಯುವುದಿಲ್ಲ, ನಾನು ಓದುವುದೂ ಇಲ್ಲ ಅನ್ನಿಸಿತು.

ರೈಲು ಅಲುಗಿದಾಗ ಜುಂಜ ಕಿರುಚತೊಡಗಿದ. ಎರಡೂ ಕೈ ಚಾಚಿ ಅವಳ ಕಡೆಗೇ ಬಾಗುತ್ತಿದ್ದ. ನಾನು ಗಟ್ಟಿಯಾಗಿ ಹಿಡಿದುಕೊಂಡೆ. ಹಂಪಕ್ಕ ಕಿಟಕಿಯಿಂದ ಮುಖ ಹಾಕಿ ಕೂಗಿದಳು: "ನಾಗಿ, ಅವ್ನಿಗೆ ಮಲಗೋ ಮುಂಚೆ ಮಜ್ಜಿಗೆ ಕೊಡಬ್ಯಾಡ, ಕೆಮ್ಮು ಬತ್ತೈತೆ! ಎಡಗಡೆಗೆ ಮಲಗ್ಸು, ಬೇಗ ನಿದ್ದೆ ಓಯ್ತಾನೆ!"

"ಗೊತ್ತದ ಬಿಡ್ರಿ ಅಕ್ಕ!" ನಾನೂ ಕೂಗಿದೆ. "ನನ್ನ ಮಗ ಅವ!"

ಎರಡೂ ನನಗೆ ಗೊತ್ತಿರಲಿಲ್ಲ.