ಘಾಟಿ ಹತ್ತಿದ ಮಳೆಗಡಿಯಾರ

ಕೊಟ್ಟಿಗೆಹಾರದಲ್ಲಿ ನಮ್ಮ ಮನೆಯ ಮುಂದೆ ಅಂಗಡಿ, ಹಿಂದೆ ಕಾಫಿ. ತೋಟ ದೊಡ್ಡದೇನಲ್ಲ. ಆದರೂ ಹಣ್ಣು ಕುಯ್ದು ಕಣಕ್ಕೆ ತಂದ ದಿನದಿಂದ ಅದು ಒಣಗಿ ಮೂಟೆಯಾಗುವ ತನಕ ಮನೆಯವರೆಲ್ಲರ ಜೀವ ಕಣದಲ್ಲೇ ಇರುತ್ತಿತ್ತು. ಎಸ್ಟೇಟಿನವರ ಹಾಗೆ ನಮ್ಮಲ್ಲಿ ಸಿಪ್ಪೆ ಬಿಡಿಸುವ ಯಂತ್ರ ಇರಲಿಲ್ಲ. ಸಿಪ್ಪೆ ಸಮೇತ ಬಿಸಿಲಿಗೆ ಹರಡುತ್ತಿದ್ದೆವು. ಅರ್ಧ ಒಣಗಿದ ಹಣ್ಣಿನ ಮೇಲೆ ಒಂದು ಮಳೆ ಬಿದ್ದರೆ ಸಾಕು, ಬೂಸಲು ಹಿಡಿದು ಕಪ್ಪಾಗುತ್ತಿತ್ತು. ಪುಷ್ಯ ಮಾಸದಲ್ಲಿ ಮಳೆ ಅಪರೂಪ. ಬಂದರೆ ಹೇಳದೆ ಕೇಳದೆ ಬರುತ್ತದೆ.

ಅದನ್ನು ಮೊದಲೇ ಹೇಳುವವಳು ನಾನಾಗಿದ್ದೆ. ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ವಿಭೂತಿಗಟ್ಟಿ ಬೆರಳಿಗೆ ಒಣಹಿಟ್ಟಿನಂತೆ ಉದುರಿದರೆ ಬಿಸಿಲು. ಅಂಟಿಕೊಂಡರೆ ಗಾಳಿಯಲ್ಲಿ ನೀರಿದೆ ಎಂದು ಲೆಕ್ಕ. ಪೂಜೆ ಮುಗಿಸಿ ಅಡಿಗೆಮನೆಗೆ ಬಂದು ಉಪ್ಪಿನ ಮರಿಗೆಯಲ್ಲಿ ಬೆರಳಾಡಿಸಿ ಉಪ್ಪು ಬೆವರಿದೆಯೇ ಎಂದು ನೋಡುತ್ತಿದ್ದೆ. ಬಚ್ಚಲ ಒಲೆಯ ಹೊಗೆ ಮೇಲಕ್ಕೇರದೆ ಹೆಂಚಿನ ಮೇಲೆ ಮಲಗಿದ್ದರೆ ಅದು ಮೂರನೆಯ ಸಾಕ್ಷಿ. ಇದನ್ನು ನನಗೆ ಯಾರೂ ಕಲಿಸಿದ್ದಲ್ಲ. ಶಿವ ಕೊಟ್ಟ ಸಣ್ಣಪುಟ್ಟ ವರಗಳನ್ನು ಎಣಿಸುವಾಗ ನಾನು ಇದನ್ನೇ ಮೊದಲು ಎಣಿಸುತ್ತಿದ್ದೆ.

ಅಷ್ಟರಲ್ಲಿ ಮಾವ ಜಗಲಿಯಿಂದ ಕೇಳುತ್ತಿದ್ದರು: "ಏನಮ್ಮಾ, ಇವತ್ತು ಹರಡದಾ, ಬ್ಯಾಡ್ವಾ?"

ಆ ಮನೆಯಲ್ಲಿ ದಿನಕ್ಕೆ ನನ್ನನ್ನು ಕೇಳುತ್ತಿದ್ದ ಮಾತು ಅದೊಂದೇ. ಉಳಿದವೆಲ್ಲ ನನಗೆ ಹೇಳುವ ಮಾತುಗಳು.

ಹೀಗಿರುವಾಗ ಮೈದುನನಿಗೆ ಮದುವೆಯಾಗಿ ಓರಗಿತ್ತಿ ಬಂದಳು. ಕಡೂರಿನ ಕಡೆಯ ಬಯಲಿನವಳು, ಶಾಲೆ ಕಲಿತವಳು. ಇಂಗ್ಲಿಷ್ ಅಕ್ಷರವನ್ನೂ ಕೂಡಿಸಿ ಓದುತ್ತಿದ್ದಳು. ಎರಡು ದಿನ ಹಳೆಯದಾಗಿ ಬಸ್ಸಿನಲ್ಲಿ ಬರುತ್ತಿದ್ದ ಪತ್ರಿಕೆಯನ್ನು ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಮಾವನಿಗೆ ಓದಿ ಹೇಳುವುದು ಅವಳ ಕೆಲಸವಾಯಿತು. ನಾನು ಬಾಗಿಲ ಒಳಗೆ ಅಕ್ಕಿ ಆರಿಸುತ್ತಾ ಕೂತಿರುತ್ತಿದ್ದೆ. ದೇಶದ ಗಲಾಟೆಯ ಸುದ್ದಿ ನನಗೆ ತಿಳಿಯುತ್ತಿರಲಿಲ್ಲ. ಅವಳಿಗೆ ಇಷ್ಟವಾಗುತ್ತಿದ್ದದ್ದು ಹೊಸ ಯಂತ್ರಗಳ ಸುದ್ದಿ. ಅದಕ್ಕೆ ಮಾತ್ರ ನಾನು ಬಾಯಿ ಹಾಕುತ್ತಿದ್ದೆ.

ಮೈಯೊಳಗಿನ ಎಲುಬಿನ ಚಿತ್ರ ತೆಗೆಯುವ ಯಂತ್ರವಿದೆಯೆಂದು ಒಂದು ದಿನ ಓದಿದಳು. ಎಲುಬು ಇದೆಯೋ ಇಲ್ಲವೋ ಎಂದು ಅನುಮಾನ ಇದ್ದವರಿಗೆ ಅದು ಬೇಕಾದೀತು ಎಂದೆ. ತಂತಿಯೇ ಇಲ್ಲದೆ ಸೀಮೆಯ ಹಾಡು ಇಲ್ಲಿ ಕೇಳಿಸುವ ಪೆಟ್ಟಿಗೆಯ ಸುದ್ದಿ ಬಂತು. ಹಿತ್ತಿಲಿಂದ ಕೂಗಿದ್ದು ಅಂಗಡಿಯಲ್ಲಿರುವ ಗಂಡಸರಿಗೆ ಕೇಳಿಸುವ ಪೆಟ್ಟಿಗೆ ಮಾಡಲಿ ಮೊದಲು ಎಂದೆ. ಅಕ್ಕಿಯ ಸತ್ವವೆಲ್ಲ ತೌಡಿನಲ್ಲಿದೆ, ಅದನ್ನು ಬಿಟ್ಟು ಉಂಡವರು ದಡ್ಡರು ಎಂದು ಯಾರೋ ಡಾಕ್ಟರು ಕಂಡುಹಿಡಿದಿದ್ದರಂತೆ.

"ಹಂಗಾದ್ರೆ ನಮ್ಮನೇಲಿ ಎಲ್ಲರಿಗಿಂತ ಬುದ್ಧಿವಂತೆ ಕೊಟ್ಟಿಗೇಲಿರೋ ಎಮ್ಮೆ" ಎಂದೆ.

ಮಾವ ಹೆಗಲು ಕುಣಿಯುವಷ್ಟು ನಗುತ್ತಿದ್ದರು. ಓರಗಿತ್ತಿಯೂ ಪತ್ರಿಕೆ ಅಡ್ಡ ಹಿಡಿದು ನಗುತ್ತಿದ್ದಳು. ಆಮೇಲೆ ಮಾವ ಕಣ್ಣೊರೆಸಿಕೊಂಡು "ಮುಂದೆ ಓದಮ್ಮಾ" ಎನ್ನುತ್ತಿದ್ದರು. ಆ ಮಾತು ಅವಳಿಗೆ. ನನ್ನ ನಗೆಮಾತು ಅಲ್ಲಿಗೆ ಮುಗಿಯುತ್ತಿತ್ತು, ಅವಳ ಓದು ಮುಂದುವರಿಯುತ್ತಿತ್ತು. ನನಗೆ ಹೊಟ್ಟೆಯೊಳಗೆ ಕೆಂಡ ಇಟ್ಟ ಹಾಗೆ ಆಗುತ್ತಿತ್ತು.

ಅವಳು ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ತಾನೇ ಸ್ಲೇಟು ತಂದು ನನಗೆ ಅಕ್ಷರ ತಿದ್ದಿಸಿದಳು. ಅವಳ ಮೇಲಿನ ಹೊಟ್ಟೆಕಿಚ್ಚನ್ನು ಬರೆಯಲಿಕ್ಕೂ ಇವತ್ತು ಅವಳು ಕಲಿಸಿದ ಅಕ್ಷರವೇ ಬೇಕಾಗಿದೆ.

ಅವಳು ಬಂದು ಎರಡನೆಯ ಕೊಯ್ಲಿನಲ್ಲಿ ಮೈದುನ ಅಂಗಡಿಯ ಸಾಮಾನಿಗೆಂದು ಮಂಗಳೂರಿಗೆ ಹೋದ. ಹಡಗಿನ ಹಳೆಯ ಸಾಮಾನು ಮಾರುವ ಕಡೆ ಒಂದು ದುಂಡನೆಯ ಗಾಜಿನ ಯಂತ್ರ ಕೊಂಡ. ನೋಡಲು ಗಡಿಯಾರದಂತೆ, ಆದರೆ ಅಂಕಿಗಳ ಜೊತೆ ಮಾತುಗಳೂ ಇದ್ದವು. ಮಳೆ ಬರುವುದನ್ನು ಒಂದು ದಿನ ಮೊದಲೇ ಹೇಳುತ್ತದೆಯಂತೆ. ಮಂಗಳೂರಿನಲ್ಲಿ ಅದರ ಮುಳ್ಳು ಒಳ್ಳೆಯ ಬಿಸಿಲು ಎಂಬ ಮಾತಿನ ಮೇಲಿತ್ತು. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದ. ಚಾರ್ಮಾಡಿ ಘಾಟಿಯ ಒಂದೊಂದು ತಿರುವಿಗೂ ಮುಳ್ಳು ಇಳಿಯುತ್ತಾ ಬಂತು. ಅರ್ಧ ಘಾಟಿಗೆ ಮಳೆ ಎಂಬ ಮಾತಿಗೆ ಬಂತು. ಮೇಲೆ ಬರುವಷ್ಟರಲ್ಲಿ ಬಿರುಗಾಳಿ ಎಂಬ ಮಾತನ್ನೂ ದಾಟಿ ಅಕ್ಷರವೇ ಇಲ್ಲದ ಕಡೆ ಹೋಗಿ ನಿಂತಿತ್ತು.

ಮೈದುನ ಬಸ್ಸಿನಿಂದ ಇಳಿದವನು ಸಾಮಾನನ್ನು ಅಲ್ಲೇ ಬಿಟ್ಟು ಕಣಕ್ಕೆ ಓಡಿಬಂದ. ಓರಗಿತ್ತಿ ಅಕ್ಷರ ಓದಿ ನೋಡಿ, ಹೌದು, ಇಂಥ ಬಿರುಗಾಳಿಗೆ ಇದರಲ್ಲಿ ಮಾತೇ ಇಲ್ಲ ಎಂದಳು. ಹಣ್ಣನ್ನೆಲ್ಲ ಗುಡ್ಡೆ ಎಳೆದು ಚಾಪೆ, ಗೋಣಿ, ಮೇಲೆ ಟಾರ್ಪಾಲು ಹೊದಿಸಿದರು. ಸುದ್ದಿ ಕೇಳಿ ರಸ್ತೆಯ ಆಚೆಬದಿಯವರೂ ತಮ್ಮ ಕಾಫಿ ಮುಚ್ಚಿದರು. ಹೋಟೆಲಿನವರು ಹಪ್ಪಳ ಒಳಗೆ ತಂದರು.

ನಾನು ಬಚ್ಚಲ ಹೊಗೆ ನೋಡಿದೆ. ಕಂಬ ನೆಟ್ಟ ಹಾಗೆ ನೆಟ್ಟಗಿತ್ತು. ಮಳೆ ಇಲ್ಲ ಎಂದೆ.

ಮಾವ, ಹಡಗಿನವರು ನಂಬುವ ಯಂತ್ರವಮ್ಮಾ, ಒಂದಿನ ನೋಡೋಣ ಎಂದರು. ಒಂದು ದಿನ ಎಂದದ್ದು ನಾಲ್ಕು ದಿನವಾಯಿತು. ಮುಳ್ಳು ಮೇಲೇಳಲಿಲ್ಲ. ಆಕಾಶದಲ್ಲಿ ಒಂದು ಹಿಡಿ ಹತ್ತಿಯಷ್ಟೂ ಮೋಡವಿಲ್ಲ. ಆ ವರ್ಷದ ಒಳ್ಳೆಯ ಬಿಸಿಲೆಲ್ಲ ಟಾರ್ಪಾಲಿನ ಮೇಲೆ ಸುರಿದುಹೋಯಿತು.

ಮೂರನೆಯ ದಿನ ಮೈದುನನಿಗೆ ಊಟ ಬಡಿಸುತ್ತಾ ಹೇಳಿದೆ: "ನಿನ್ನ ಬಿರುಗಾಳಿ ಮಂಗಳೂರಲ್ಲಿ ಬಸ್ಸು ತಪ್ಪಿಸ್ಕಂಡಿರಬೇಕು ಮಾರಾಯ. ನಾಳೆ ಬಸ್ಸಿಗೆ ಬತ್ತದೇನೋ ನೋಡು."

ಐದನೆಯ ದಿನ ಬೆಳಿಗ್ಗೆ ಮಾವ ನನ್ನನ್ನೇ ಕೇಳಿದರು. ಹರಡಿ ಎಂದೆ. ಗುಡ್ಡೆ ಬಿಚ್ಚಿದರೆ ಒಳಗೆ ಬಿಸಿ, ಹುಳಿವಾಸನೆ, ಅಂಚಿನಲ್ಲಿ ಬೂಸಲು. ಕೆಟ್ಟ ಹಣ್ಣನ್ನು ಆರಿಸುತ್ತಾ ಕೂತಾಗ ನನಗೆ ಸಂಕಟವಾಗಬೇಕಿತ್ತು. ಆಗಲಿಲ್ಲ. ಹಾಡು ಗುನುಗಬಾರದೆಂದು ತುಟಿ ಕಚ್ಚಿಕೊಂಡಿದ್ದೆ.

ನನ್ನ ಸಂತೋಷ ಒಂದು ವಾರ ಬಾಳಿತು. ಬಸ್ಸುಗಳನ್ನೂ ಎಸ್ಟೇಟಿನ ಎಂಜಿನ್ನುಗಳನ್ನೂ ರಿಪೇರಿ ಮಾಡುತ್ತಿದ್ದ ಸಾಹೇಬರೊಬ್ಬರು ನಮ್ಮ ಅಂಗಡಿಯ ಪಕ್ಕದಲ್ಲಿದ್ದರು. ಓರಗಿತ್ತಿ ಯಂತ್ರವನ್ನು ಅವರಿಗೆ ತೋರಿಸಿದಳು. ಅವರು ಹಿಂದೆ ಮುಂದೆ ತಿರುಗಿಸಿ ನೋಡಿ ನಕ್ಕರು.

"ಇದನ್ನ ಸಮುದ್ರದ ದಂಡೆಗೆ ಅಂತ ಕಟ್ಟಿರೋದು ಅಮ್ಮಾ. ಮೇಲೆ ಬಂದಂಗೆ ಗಾಳಿ ತೆಳ್ಳಗಾಗ್ತದೆ. ಮುಳ್ಳಿಗೆ ಅದೇ ಬಿರುಗಾಳಿ ಅಂತ ಕಾಣ್ತದೆ. ಬಯಲಿಂದ ಬಂದ ಸೊಸೇನ ಒಗ್ಗಿಸ್ಕಂಡಂಗೆ ಒಗ್ಗಿಸ್ಕಬೇಕು."

ಆ ಮಾತಿಗೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಓರಗಿತ್ತಿಯೇ. ನಾನು ಸುಮ್ಮನಿರಲಾರದೆ, ಗಾಳಿಗೆ ನೀರು ಬೆರೆಸಿ ತೆಳ್ಳಗೆ ಮಾಡಿದವರು ಯಾರು ಸಾಹೇಬರೇ ಎಂದೆ. ಅದನ್ನು ನಿಮ್ಮ ಹಾಲಿನವರನ್ನು ಕೇಳಬೇಕು ಎಂದು ಅವರೂ ಬಿಡಲಿಲ್ಲ.

ಎಸ್ಟೇಟಿನ ಬಂಗಲೆಯಲ್ಲಿ ಅಂಥದೇ ಹಳೆಯದೊಂದು ಇತ್ತು. ಸಾಹೇಬರು ನಮ್ಮದನ್ನು ಅಲ್ಲಿಗೆ ಒಯ್ದು, ಪಕ್ಕದಲ್ಲಿಟ್ಟು, ಹಿಂದಿನ ತಿರುಪು ತಿರುಗಿಸಿ ಮುಳ್ಳನ್ನು ಅದಕ್ಕೆ ಸರಿಯಾಗಿ ಕೂರಿಸಿಕೊಂಡು ತಂದರು. ಆಮೇಲೆ ಅದು ತಪ್ಪಲಿಲ್ಲ. ಒಂದು ದಿನ ಕವಿದ ಮೋಡ ನೋಡಿ ಎಲ್ಲರೂ ಹೆದರಿದಾಗ ಮಳೆಯಿಲ್ಲ ಎಂದಿತು, ಮಳೆ ಬರಲಿಲ್ಲ. ಇನ್ನೊಂದು ದಿನ ತುಂತುರನ್ನು ಮೊದಲೇ ಹೇಳಿತು. ಎರಡು ಸಲವೂ ನನ್ನ ವಿಭೂತಿ, ಉಪ್ಪು ಹೇಳಿದ್ದೂ ಅದನ್ನೇ. ಆದರೆ ಮಾವ ಈಗ ಜಗಲಿಯಿಂದ ಬೇರೆ ಕಡೆ ತಿರುಗಿ "ಏನಮ್ಮಾ, ಮುಳ್ಳು ಏನಂತದೆ?" ಎಂದು ಓರಗಿತ್ತಿಯನ್ನು ಕೇಳುತ್ತಿದ್ದರು. ಅವಳು ಗಾಜನ್ನು ಬೆರಳಿನಿಂದ ಎರಡು ಸಲ ತಟ್ಟಿ ಹೇಳುತ್ತಿದ್ದಳು. ಆ ಟಕ್ ಟಕ್ ಸದ್ದಿಗೆ ನಾನು ಪೂಜೆಯಲ್ಲಿ ಮಂತ್ರ ತಪ್ಪುತ್ತಿದ್ದೆ. ನನ್ನನ್ನು ಆಮೇಲೆ ಮರ್ಯಾದೆಗೆ ಒಂದು ಮಾತು ಕೇಳುತ್ತಿದ್ದರು. ಮರ್ಯಾದೆಗೆ ಕೇಳುವುದು ತಿಳಿಯದಷ್ಟು ನಾನು ದಡ್ಡಿಯಲ್ಲ.

ಕೊಯ್ಲಿನ ಕೊನೆಯ ದೊಡ್ಡ ರಾಶಿ ಕಣದಲ್ಲಿತ್ತು. ಅಂದು ಸೋಮವಾರ. ಪೂಜೆಗೆ ಕೂತರೆ ವಿಭೂತಿ ಬೆರಳಿಗೆ ಅಂಟಿತು. ಉಪ್ಪು ಬೆವರಿತ್ತು. ಅದು ಆರಲೆಂದು ಮರಿಗೆಯನ್ನು ಎತ್ತಿ ಒಲೆಯ ಪಕ್ಕ ಬೆಚ್ಚಗಿಟ್ಟೆ. ಹೊಗೆ ಹೆಂಚಿನ ಮೇಲೆ ಮಲಗಿತ್ತು. ಮಳೆ ಬರುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಹೇಳಲೆಂದು ಸೆರಗು ಸರಿಮಾಡಿಕೊಂಡು ಹೊರಟೆ. ನಾನು ಹೊಸ್ತಿಲು ದಾಟುವ ಮೊದಲೇ ಓರಗಿತ್ತಿಯ ದನಿ ಕೇಳಿಸಿತು. ಮುಳ್ಳು ಚೆನ್ನಾಗಿ ಇಳಿದಿದೆ, ಇವತ್ತು ಹರಡುವುದು ಬೇಡ ಎನ್ನುತ್ತಿದ್ದಳು.

ಹೊರಗೆ ಬಿಸಿಲು ಚೆನ್ನಾಗಿತ್ತು. ಮಾವನಿಗೆ ಆ ನಾಲ್ಕು ದಿನ ಇನ್ನೂ ಮರೆತಿರಲಿಲ್ಲ. ಅನುಮಾನಿಸುತ್ತಾ ನನ್ನ ಕಡೆ ತಿರುಗಿದರು. ಈ ಸಲ ಮರ್ಯಾದೆಗಲ್ಲ, ನಿಜವಾಗಿ ಕೇಳಿದರು.

"ನೀ ಏನಂತಿಯಮ್ಮಾ?"

ನಾನು ಹೌದು ಎಂದರೆ ಸಾಕಿತ್ತು. ಆದರೆ ಹೌದು ಎಂದರೆ ಅದು ಮುಳ್ಳು ಹೇಳಿದ್ದಾಗುತ್ತಿತ್ತು. ನಾನು ಅದರ ಹಿಂದೆ ತಲೆಯಾಡಿಸಿದವಳಾಗುತ್ತಿದ್ದೆ.

"ಬಿಸಿಲು ಕಾಯ್ತದೆ ಮಾವ. ಹರಡಿ" ಎಂದೆ.

ಹರಡಿದರು. ಓರಗಿತ್ತಿ ಗಾಜಿನ ಕಡೆ ಒಮ್ಮೆ ನೋಡಿ ಒಳಗೆ ಹೋದಳು. ಮಧ್ಯಾಹ್ನದ ತನಕ ನಾನು ಒಲೆಯ ಮುಂದೆ ಕೂತು ಶಿವನನ್ನು ಬೇಡಿಕೊಂಡೆ. ಅಂಟಿದ ವಿಭೂತಿಯನ್ನು ಸುಳ್ಳು ಮಾಡು ಎಂದು ಬೇಡಿಕೊಂಡೆ. ಅಂಥದ್ದನ್ನು ಬೇಡಿದವರು ಬೇರೆ ಯಾರಾದರೂ ಇದ್ದಾರೋ ಇಲ್ಲವೋ. ಊಟ ಮುಗಿದು ಎಲೆ ತೆಗೆಯುವ ಹೊತ್ತಿಗೆ ಮೂಡಲಿಂದ ಕಪ್ಪಾಯಿತು. ಓಡಿದೆವು. ಎಲ್ಲರಿಗಿಂತ ಮೊದಲು ಕಣದಲ್ಲಿದ್ದವಳು ಓರಗಿತ್ತಿ. ಸಾಹೇಬರು ಬಸ್ಸಿನ ಮೇಲಿನ ಟಾರ್ಪಾಲನ್ನೇ ಬಿಚ್ಚಿ ತಂದು ಒಂದು ಬದಿಗೆ ಹೊದಿಸಿದರು. ಅಷ್ಟು ಉಳಿಯಿತು. ಅದನ್ನು ನಾನು ಶಿವನ ದಯೆಯ ಲೆಕ್ಕಕ್ಕೆ ಸೇರಿಸಿದ್ದೇನೆ. ಉಳಿದದ್ದು ಕಣದ ತುಂಬ ತೇಲಾಡಿತು.

ಮಾವ ತಲೆ ಒರೆಸಿಕೊಳ್ಳುತ್ತಾ, ಮುಳ್ಳೂ ಒಂದು ಸಲ ತಪ್ಪಿತು, ನಿನ್ನ ಲೆಕ್ಕವೂ ಒಂದು ಸಲ ತಪ್ಪಿತು, ಹೋಗಲಿ ಬಿಡಮ್ಮಾ ಎಂದರು. ನಾನು ಬೈಸಿಕೊಳ್ಳಲು ಸಿದ್ಧಳಾಗಿ ನಿಂತಿದ್ದೆ. ಆ ಮಾತಿಗೆ ಸಿದ್ಧಳಾಗಿರಲಿಲ್ಲ.

ಅಡಿಗೆಮನೆಯಲ್ಲಿ ಓರಗಿತ್ತಿ ಸೆರಗು ಹಿಂಡುತ್ತಿದ್ದಳು. ಒಲೆಯ ಪಕ್ಕದ ಉಪ್ಪಿನ ಮರಿಗೆಯ ಮೇಲೆ ಅವಳ ಕಣ್ಣು ಬಿತ್ತು. ಬಗ್ಗಿ ಬೆರಳಿಟ್ಟು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಅಕ್ಕಾ, ನಿಮಗೂ ಗೊತ್ತಿತ್ತು."

ನಾನು ಮರಿಗೆಯನ್ನು ಎತ್ತಿ ಅದರ ಜಾಗದಲ್ಲಿಟ್ಟೆ.

"ನಾ ಯಾರಿಗೂ ಹೇಳಲ್ಲ" ಎಂದಳು.

ಹೇಳಲೂ ಇಲ್ಲ. ಗಂಡನಿಗೂ ಹೇಳಲಿಲ್ಲ, ಮಾತಿನ ನಡುವೆ ಚುಚ್ಚಲೂ ಇಲ್ಲ. ಮುಳ್ಳನ್ನು ನಂಬಬೇಕಿತ್ತು ಎಂದು ಒಂದು ದಿನವಾದರೂ ಅನ್ನಬಹುದಿತ್ತು, ಅನ್ನಲಿಲ್ಲ. ಅವಳು ಬೂಸಲು ಹಣ್ಣು ಆರಿಸಿ ಬುಟ್ಟಿಗೆ ಹಾಕುವುದನ್ನು ನೋಡುತ್ತಾ ನಾನು ಆ ಮಾತಿಗೆ ಕಾದೆ. ಓದು ಅವಳದು, ಮುಳ್ಳು ಅವಳದು. ಈಗ ದೊಡ್ಡ ಮನಸ್ಸೂ ಅವಳದೇ ಆಯಿತು. ಅದನ್ನು ಮಾತ್ರ ನನ್ನಿಂದ ತಡೆಯಲಾಗಲಿಲ್ಲ. ಮುಂದಿನ ಸೋಮವಾರ ಮಾವ ಜಗಲಿಯಲ್ಲಿ ಒಬ್ಬರೇ ಇದ್ದಾಗ ಹೋಗಿ ಎಲ್ಲವನ್ನೂ ಹೇಳಿಬಿಟ್ಟೆ. ವಿಭೂತಿ ಅಂಟಿತ್ತು, ಮಳೆ ಬರುವುದು ಗೊತ್ತಿತ್ತು, ಅವಳೂ ಅದನ್ನೇ ಹೇಳಿದಳಲ್ಲ ಎಂದು ನಾನು ಬೇರೆ ಹೇಳಿದೆ ಎಂದೆ.

ಸತ್ಯಕ್ಕೆ ಹೆದರಿ ಹೇಳಿದೆ ಎಂದು ಬರೆದುಕೊಂಡರೆ ಚೆನ್ನಾಗಿರುತ್ತದೆ. ಆದರೆ ಹಾಗಲ್ಲ. ಅವಳ ದಯೆಯಲ್ಲಿ ಬದುಕಲು ನನಗೆ ಆಗಲಿಲ್ಲ, ಅಷ್ಟೇ.

ಮಾವ ನನ್ನ ಹಣೆ ನೋಡಿ ಕೇಳಿದರು: "ವಿಭೂತಿ ಹಚ್ಕಂಡೇ ಹೇಳಿದ್ಯಾ?"

ಹೌದು ಎಂದೆ.

ಮಾರನೆಯ ಬೆಳಿಗ್ಗೆ ಅವರು ಓರಗಿತ್ತಿಯನ್ನು ಕೇಳಿದರು, ಆಳುಗಳಿಗೆ ಹೇಳಿದರು, ಹೊರಟರು. ಆ ವರ್ಷ ಮಾತ್ರವಲ್ಲ, ಅವರು ಇರುವ ತನಕ ಮಳೆಯ ಮಾತನ್ನು ನನ್ನಲ್ಲಿ ಕೇಳಲಿಲ್ಲ. ನನ್ನ ಕೈಯ ಊಟ ಬಿಡಲಿಲ್ಲ, ಅಮ್ಮಾ ಎಂದು ಕರೆಯುವುದನ್ನೂ ಬಿಡಲಿಲ್ಲ. ಇಷ್ಟಾದರೂ ಉಳಿಯಿತಲ್ಲ ಎಂದು ದಿನವೂ ಪೂಜೆಯಲ್ಲಿ ನೆನೆಯುತ್ತಿದ್ದೆ.

ಅದಾಗಿ ಕೆಲವು ದಿನಕ್ಕೆ ಪತ್ರಿಕೆಯಲ್ಲಿ ಇನ್ನೊಂದು ಯಂತ್ರದ ಸುದ್ದಿ ಬಂತು. ಪರದೇಶದಲ್ಲಿ ಯಾರೋ ನಾಡಿಯ ಬಡಿತ ಹಿಡಿದು ಸುಳ್ಳು ಹೇಳುವವರನ್ನು ಪತ್ತೆ ಮಾಡುತ್ತಾರಂತೆ. ಓರಗಿತ್ತಿ ಎರಡು ಸಾಲು ಓದಿದವಳು ಗಕ್ಕನೆ ನಿಲ್ಲಿಸಿ ಹಾಳೆ ಮಗುಚಿದಳು. ಬಾಗಿಲ ಒಳಗಿಂದ ನಾನೇ ಹೇಳಿದೆ.

"ಅದಕ್ಕೆ ಯಂತ್ರ ಯಾಕೆ? ಒಂದು ವಾರ ಸುಮ್ನೆ ಬಿಟ್ರೆ ಸುಳ್ಳು ಹೇಳಿದೋಳೇ ಬಂದು ಹೇಳ್ತಾಳೆ."

ಮಾವ ನಗಲಿಲ್ಲ. ರಸ್ತೆಯ ಕಡೆ ನೋಡುತ್ತಾ ಕೂತಿದ್ದರು. ಓರಗಿತ್ತಿಗೆ ಮಾತ್ರ ತಡೆಯಲಾಗದೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ನಿಲ್ಲಲಿಲ್ಲ. ನನ್ನ ಮೇಲೆ ಒಂದಿಷ್ಟೂ ಕಹಿಯಿಲ್ಲದ, ಎಳೆ ಹುಡುಗಿಯ ಹಗುರ ನಗು. ಅಕ್ಕಿಯಲ್ಲಿ ಕಲ್ಲು ಹುಡುಕುತ್ತಾ ನಾನು ಅದನ್ನು ಕೇಳುತ್ತಿದ್ದೆ. ಹಾಗೆ ನಗಲು ಬರುವವರ ಮೇಲೆ ನನಗೆ ಅಂದೂ ಹೊಟ್ಟೆ ಉರಿಯಿತು.