ಸುತ್ತಿಗೆಗೂ ಒನಕೆಗೂ ಜೋಡಿ

ಪಂಚಮಿ ಹತ್ತಿರ ಬಂತೆಂದು ಅಟ್ಟದ ಪಾತ್ರೆಗಳನ್ನು ಇಳಿಸಿ ತೊಳೆಯುತ್ತಿದ್ದೆ. ಅಂಚೆಲ್ಲ ತಗ್ಗು ಬಿದ್ದ ಹಳೆಯ ಸ್ಟೀಲ್ ತಾಟೊಂದು ಕೈಜಾರಿ ಬಚ್ಚಲ ಕಲ್ಲಿನ ಮೇಲೆ ಬಿತ್ತು. ಠಣ್ ಎಂದಿತು. ಒಳಗೆ ಮಲಗಿದ್ದ ಅವ್ವ ಕಣ್ಣು ಬಿಡದೆಯೇ ಕೇಳಿದಳು: "ಎಷ್ಟನೇ ರೌಂಡೇ?"

ಎಂಬತ್ತು ದಾಟಿದ ಮುದುಕಿ ತಾಟಿನ ಸದ್ದಿಗೆ ರೌಂಡು ಕೇಳುವುದುಂಟೇ ಎಂದು ನೀವು ಹುಬ್ಬೇರಿಸಬೇಡಿ. ದಾವಣಗೆರೆಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಬಾಕ್ಸಿಂಗ್ ಪಂದ್ಯಗಳು ನಡೆದಿವೆ. ಒಂದೇ ಕೊರತೆಯೆಂದರೆ ಬಾಕ್ಸರುಗಳು ಇರುತ್ತಿರಲಿಲ್ಲ.

ಇರುತ್ತಿದ್ದವರು ಅಪ್ಪ ಮತ್ತು ಕೊಟ್ರೇಶ ಮಾವ. ಅಪ್ಪನದು ಬಟ್ಟೆ ಅಂಗಡಿ. ಮದುವೆಯಾಗುವವರೆಗೆ ಗರಡಿಮನೆಯಲ್ಲಿ ಮಣ್ಣು ಹೊತ್ತವರು. ಆಮೇಲೆ ಹೊಟ್ಟೆ ಹೊತ್ತರು. ಮಾವ ಅವ್ವನ ತಮ್ಮ, ಹರಿಹರದವನು, ಗುತ್ತೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಲೇತ್ ಕೆಲಸ. ಪ್ರತಿ ಭಾನುವಾರ ಬಸ್ಸು ಹತ್ತಿ ಅಕ್ಕನನ್ನು ನೋಡಲು ಬರುತ್ತಿದ್ದ ಎನ್ನುವುದು ನೆಪ. ಬರುತ್ತಿದ್ದದ್ದು ಜಗಳಕ್ಕೆ. ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಇಬ್ಬರೂ ಬೇರೆ ಬೇರೆ ಕಾಲದ ಗುದ್ದಾಳುಗಳನ್ನು ಎದುರುಬದುರು ನಿಲ್ಲಿಸುತ್ತಿದ್ದರು. ಇವನು ಅವನಿಗೆ ಹೊಡೆದರೆ ಏನಾಗುತ್ತಿತ್ತು, ಅವನು ಇವನಿಗೆ ಹೊಡೆದರೆ ಏನಾಗುತ್ತಿತ್ತು, ಇದೇ ಮಾತು.

ಆ ಪರದೇಶದ ಹೆಸರುಗಳು ಇಬ್ಬರ ನಾಲಿಗೆಗೂ ಹೊರಳುತ್ತಿರಲಿಲ್ಲ. ಹಾಗಾಗಿ ತಾವೇ ನಾಮಕರಣ ಮಾಡಿದ್ದರು. ಮಾವನ ಆಳು ಕಪ್ಪುಬಿಳುಪು ಕಾಲದವನು. ರದ್ದಿಯಲ್ಲಿ ಸಿಕ್ಕ ಒಂದು ಪತ್ರಿಕೆಯ ಚಿತ್ರದಲ್ಲಿ ಅವನನ್ನು ಕಂಡ ಮಾವ ಸುತ್ತಿಗೆ ಎಂದು ಕರೆದ. ಅಪ್ಪನ ಆಳು ಬಣ್ಣದ ಟಿ.ವಿ. ಬಂದ ಮೇಲಿನವನು, ಕುತ್ತಿಗೆಯೇ ಇಲ್ಲದ ಗಟ್ಟಿ ಮನುಷ್ಯ. ಅವನು ಒನಕೆ. ನಮ್ಮ ಪಾಲಿಗೆ ಅವರಿಬ್ಬರೂ ಒಂದೇ ಓಣಿಯ ಹುಡುಗರಾಗಿಬಿಟ್ಟಿದ್ದರು.

ನಿಯಮಗಳೆಲ್ಲ ಕುಸ್ತಿಯವು. ಅಖಾಡದಲ್ಲಿ ಪೈಲ್ವಾನರ ಕೈ ಎತ್ತಿ ಹಿಡಿದು ಜನರನ್ನು ಕೇಳುವಂತೆ ಅಪ್ಪ ಎದ್ದು ನಿಂತು, ಎರಡೂ ಕೈಯಲ್ಲಿ ಬರೀ ಗಾಳಿ ಹಿಡಿದೆತ್ತಿ, "ಜೋಡಿ ಸರಿ ಐತೇನ್ರಪ್ಪಾ?" ಎಂದು ಕೂಗಬೇಕು. ಜನ ಅಂದರೆ ನಾನು ಮತ್ತು ಅವ್ವ. ನಾವು "ಐತೆ" ಅನ್ನಬೇಕು. ಆಗ ಅಪ್ಪ ಸೌಟಿನಿಂದ ತಾಟಿಗೆ ಬಡಿದರೆ ಒಂದು ರೌಂಡು ಶುರು. ಬಾಕ್ಸಿಂಗಿನಲ್ಲಿ ಅಂಕ ಎಣಿಸುತ್ತಾರಂತೆ ಎಂದು ನಾನೊಮ್ಮೆ ಹೇಳಿ ಬೈಸಿಕೊಂಡೆ. ಇಬ್ಬರಿಗೂ ಬೇಕಿದ್ದದ್ದು ನಿಕಾಲಿ. ಗರಡಿಯವರ ಮಾತಿನಲ್ಲಿ ಹಾಗೆಂದರೆ, ಒಬ್ಬ ಬೀಳುವವರೆಗೆ ಬಿಡಿಸದ ಪಂದ್ಯ.

"ನಮ್ಮೋನ ಕಾಲದಾಗೆ ಕೈಗವಸು ತೆಳ್ಳಗಿದ್ವು ಭಾವ. ಒಂದು ಕೊಟ್ಟ ಅಂದ್ರ ಎಲುಬಿಗೇ ಕೇಳ್ತಿತ್ತು," ಎಂದು ಮಾವ.

"ನಿಮ್ಮೋನು ಏನ್ ತಿಂತಿದ್ದನಲೇ? ಒಣ ರೊಟ್ಟಿ! ನಮ್ಮೋನು ದಿನಕ್ಕೆ ಎರಡು ಡಜನ್ ಮೊಟ್ಟೆ!" ಎಂದು ಅಪ್ಪ. ಈ ಮೊಟ್ಟೆಯ ಲೆಕ್ಕ ಅಪ್ಪನಿಗೆ ಎಲ್ಲಿ ಸಿಕ್ಕಿತೋ ಶಿವನೇ ಬಲ್ಲ. ನಮ್ಮ ಮನೆಯೊಳಗೆ ಮೊಟ್ಟೆ ಬಂದದ್ದು ಮಾತಿನಲ್ಲಿ ಮಾತ್ರ.

ಅವ್ವ ಅಡುಗೆಮನೆಯಿಂದಲೇ ಕೇಳುತ್ತಿದ್ದಳು: "ನಿಮ್ಮಿಬ್ರಾಗೆ ಇಲಿ ಹೊಡಿಯೋಕೆ ಯಾರಿಗೆ ಬರ್ತತೆ, ಅದನ್ನ ಮೊದ್ಲು ಹೇಳ್ರಿ."

ಒಂದು ಭಾನುವಾರ ಜಗಳ ಕೆಟ್ಟಿತು. ಹೊಡೆತದ ಮೇಲಲ್ಲ, ಜಾಗದ ಮೇಲೆ. ಪಂದ್ಯ ಆವರಗೆರೆಯ ಬಯಲಿನಲ್ಲಿ ಆಗಲಿ ಎಂದರು ಅಪ್ಪ. ಆವರಗೆರೆ ದಾವಣಗೆರೆಯ ಸೆರಗಿನಲ್ಲೇ ಇದೆ, ಅಲ್ಲಿ ಜನವೆಲ್ಲ ನಿಮ್ಮವರೇ, ಗುತ್ತೂರಿನಲ್ಲಿ ಆಗಲಿ ಎಂದ ಮಾವ. "ಗುತ್ತೂರಾಗೆ ನಿನ್ನ ಫ್ಯಾಕ್ಟ್ರಿ ಮಂದಿ ಶಿಳ್ಳೆ ಹೊಡಿಯೋಕಾ?" ಎಂದರು ಅಪ್ಪ. ಗಮನಿಸಿ: ಆ ಬಾಕ್ಸರುಗಳಿಬ್ಬರೂ ಅಮೆರಿಕದವರು, ಅವರಲ್ಲೊಬ್ಬ ಆಗಲೇ ಸತ್ತುಹೋಗಿದ್ದ. ಮಾತಿಗೆ ಮಾತು ಬೆಳೆದು ಅಪ್ಪ, "ಲೇತಿನ ಸದ್ದು ಕೇಳಿ ಕೇಳಿ ನಿನ್ನ ತಲೆ ಕೆಟ್ಟೈತೆ" ಎಂದುಬಿಟ್ಟರು. ಮಾವ ಕಚ್ಚಿದ ಮಿರ್ಚಿಯನ್ನು ಅಲ್ಲೇ ಇಟ್ಟು, "ನಾನು ಇನ್ನ ಈ ಹೊಸ್ತಿಲು ತುಳಿಯೋದಿಲ್ಲ," ಎಂದು ಎದ್ದು ಹೋದ.

ಹೇಳಿದಂತೆ ಬರಲೇ ಇಲ್ಲ. ನಾವು ಮೊದಮೊದಲು ನಕ್ಕೆವು. ಎರಡು ತಿಂಗಳಾದ ಮೇಲೆ ಅವ್ವ ನಗುವುದನ್ನು ಬಿಟ್ಟಳು. ಪಂಚಮಿ ಬರುತ್ತಿತ್ತು. ಪಂಚಮಿಗೆ ತವರಿನಿಂದ ತಮ್ಮ ಬಂದು ಕರೆಯಬೇಕು. ಅವಳಿಗೆ ಇದ್ದವನು ಅವನೊಬ್ಬನೇ. ಎಳ್ಳುಂಡೆ ಕಟ್ಟುತ್ತಾ ಅವ್ವ, "ಹೆಸರು ಗೊತ್ತಿಲ್ಲದ ಗಂಡಸ್ರ ಸಲುವಾಗಿ ನನ್ನ ತವರು ಹೋತು ನೋಡು," ಎಂದು ಕಣ್ಣು ಒರೆಸಿಕೊಂಡಳು.

ನಾನಾಗ ಬಿ.ಎ. ಓದುತ್ತಿದ್ದೆ. ಲೋಕದ ಜಗಳಗಳನ್ನೆಲ್ಲ ನಾನೇ ಬಗೆಹರಿಸಬಲ್ಲೆ ಎಂದು ನಂಬಿದ್ದ ವಯಸ್ಸು. ಹರಿಹರದ ಬಸ್ಸು ಹತ್ತಿದೆ. ಮಾವನ ಮುಂದೆ ಕೂತು, "ಅಪ್ಪ ಒಪ್ಪಿಕೊಂಡ್ರು ಮಾವ. ಸುತ್ತಿಗೆನೇ ಗೆಲ್ತಿದ್ದ ಅಂದ್ರು. ಆದ್ರ ನೀನು ಬಾಯಿ ಬಿಡಬ್ಯಾಡ, ಅವರಿಗೆ ನಾಚಿಕೆ ಆಗ್ತತೆ," ಎಂದೆ. ಅದೇ ಸಂಜೆ ದಾವಣಗೆರೆಗೆ ಬಂದು ಅಪ್ಪನ ಕಿವಿಯಲ್ಲಿ, "ಮಾವ ಸೋಲು ಒಪ್ಪಿದ, ಒನಕೆನೇ ಗಟ್ಟಿ ಅಂದ, ನೀವು ಮಾತ್ರ ಕೆಣಕಬ್ಯಾಡ್ರಿ," ಎಂದೆ. ಒಂದೇ ದಿನ ಎರಡು ಊರಿನಲ್ಲಿ ಎರಡು ತೀರ್ಪು ಕೊಟ್ಟ ರೆಫರಿ ನಾನು.

ಪಂಚಮಿಯ ದಿನ ಮಾವ ಬಂದ. ಆ ದಿನದ ಚಂದವನ್ನು ನೀವು ನೋಡಬೇಕಿತ್ತು. ಇಬ್ಬರೂ ಗೆದ್ದವರು, ಇಬ್ಬರಿಗೂ ಎದುರಿನ ಬಡಪಾಯಿಯ ಮೇಲೆ ಎಲ್ಲಿಲ್ಲದ ಕರುಣೆ. "ಕೂಡ್ರಿ ಭಾವ, ನಾನು ನೀರು ತರ್ತೀನಿ," ಎಂದು ಮಾವ. "ಬ್ಯಾಡಪ್ಪ, ನೀನು ದಣಿದು ಬಂದಿದ್ದಿ," ಎಂದು ಅಪ್ಪ ತಮ್ಮ ತಾಟಿನ ಉಂಡೆ ತೆಗೆದು ಅವನಿಗೆ ಹಾಕಿದರು. ಬಾಕ್ಸಿಂಗಿನ ಸುದ್ದಿ ಒಬ್ಬರೂ ಎತ್ತಲಿಲ್ಲ. ಸೋತವನ ಗಾಯ ಕೆದಕಬಾರದಲ್ಲ! ಅವ್ವ ಹೊಸ ಸೀರೆಯುಟ್ಟು ತಮ್ಮನ ಹಿಂದೆ ಹರಿಹರಕ್ಕೆ ಹೊರಟಳು. ನಾನು ಬಾಗಿಲಲ್ಲಿ ನಿಂತು ನನ್ನ ಜಾಣತನಕ್ಕೆ ನಾನೇ ಬೀಗಿದೆ.

ಆದರೆ ಆಮೇಲಿನ ಭಾನುವಾರಗಳು ಸಪ್ಪೆಯಾದವು. ಮಾವ ಬರುತ್ತಿದ್ದ, ಮಳೆ ಬೆಳೆ ಮಾತಾಡುತ್ತಿದ್ದರು, ತಾಟು ಅಟ್ಟ ಸೇರಿತು. ಜಗಳ ನಿಲ್ಲಿಸಹೋಗಿ ನಾನು ಅವರ ಆಟವನ್ನೇ ನಿಲ್ಲಿಸಿದ್ದೆ. ಅಪ್ಪ ಕೊನೆಯ ದಿನಗಳಲ್ಲಿ ಆಸ್ಪತ್ರೆಯ ಮಂಚದ ಮೇಲೆ ನನ್ನ ಕೈ ಹಿಡಿದು, "ಕೊಟ್ರೇಶ ದೊಡ್ಡ ಮನುಷ್ಯ ಕಣೇ. ಸೋಲು ಒಪ್ಪೋ ಗಂಡಸ್ರು ಕಡಿಮೆ," ಎಂದರು. ನಾನು ನಿಜ ನುಂಗಿಕೊಂಡು ಅವರ ಹೊದಿಕೆ ಸರಿಮಾಡಿದೆ. ಅದು ಹನ್ನೊಂದು ವರ್ಷದ ಹಿಂದಿನ ಮಾತು.

ಈ ಪಂಚಮಿಗೂ ಮಾವ ಅಕ್ಕನನ್ನು ಕರೆಯಲು ಬಂದ. ಈಗ ಕೋಲು ಹಿಡಿದು, ಆಟೋದಲ್ಲಿ. ಊಟಕ್ಕೆ ಹೊತ್ತಿತ್ತು. ಸುಮ್ಮನಿರಲಾರದೆ ನಾನು ಮೊಬೈಲ್ ತೆಗೆದೆ. ಬೇರೆ ಬೇರೆ ಕಾಲದ ಬಾಕ್ಸರುಗಳನ್ನು ಕಂಪ್ಯೂಟರಿನಲ್ಲಿ ಗೊಂಬೆ ಮಾಡಿ ಗುದ್ದಾಡಿಸುವ ವಿಡಿಯೋಗಳು ಈಗ ಬರುತ್ತವೆ, ನೀವೂ ಕಂಡಿರಬಹುದು. ಒಂದರಲ್ಲಿ ನಮ್ಮ ಸುತ್ತಿಗೆ ಮತ್ತು ಒನಕೆ ಇದ್ದರು. ಮಾವ ಕನ್ನಡಕ ಏರಿಸಿ ನೋಡಿದ. ನಾಲ್ಕನೇ ರೌಂಡಿಗೆ ಸುತ್ತಿಗೆ ಮಕಾಡೆ ಬಿದ್ದ.

ಮಾವ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. "ಭಾವಾರು ಗೆದ್ದಿದ್ರು ಪುಟ್ಟಿ. ಗೆದ್ದೂ ಸೋತೆ ಅಂದ್ರು, ನಿಮ್ಮವ್ವನ ತವರು ಉಳೀಲಿ ಅಂತ. ನಾನು ಅಂಥೋರ ಮುಂದೆ ಮೀಸೆ ತಿರುವಿಕೋತ ಓಡಾಡಿದ್ನಲ್ಲ!"

ಇನ್ನು ತಡೆದುಕೊಳ್ಳಲಾಗಲಿಲ್ಲ. ಎರಡು ಊರಿನ ಎರಡು ಸುಳ್ಳನ್ನೂ ಒಪ್ಪಿಸಿಬಿಟ್ಟೆ. ಕೋಲಿನಲ್ಲಿ ಒಂದು ಬೀಳುತ್ತದೆಂದು ತಲೆ ತಗ್ಗಿಸಿ ಕೂತೆ.

"ಅಂದ್ರ ಭಾವಾರು ಸೋಲು ಒಪ್ಪಿರ್ಲಿಲ್ಲ?"

"ಇಲ್ಲ ಮಾವ."

"ನಾನೂ ಒಪ್ಪಿಲ್ಲ." ಮಾವನ ಬೆನ್ನು ನೆಟ್ಟಗಾಯಿತು. "ಹಂಗಾದ್ರ ಇನ್ನ ನಿಕಾಲಿ ಆಗಿಲ್ಲ! ಈ ಗೊಂಬಿ ಆಟ ಯಾರಿಗೆ ಬೇಕು, ಇದ್ರಾಗೆ ಜೋಡಿ ಸರಿ ಐತೇನು ಅಂತ ಯಾರಾದ್ರೂ ಕೇಳಿದ್ರಾ? ಎಷ್ಟು ವರ್ಷಾತು, ಯಾರ ಹತ್ರ ಜಗಳ ಆಡ್ಲಿ ಅಂತ ಕುಂತಿದ್ದೆ ನಾನು."

ಮಾವ ತನ್ನ ಕುರ್ಚಿಯನ್ನು ಎಳೆದುಕೊಂಡು ಹೋಗಿ ಅಪ್ಪ ಕೂರುತ್ತಿದ್ದ ಖಾಲಿ ಕುರ್ಚಿಯ ಎದುರಿಗೆ ಹಾಕಿ ಕೂತ. ಗಂಟಲು ಸರಿಮಾಡಿಕೊಂಡ.

"ಏನ್ರಿ ಭಾವ, ಎಲ್ಲಿಗೆ ಬಂದಿತ್ತು? ಹ್ಞಾಂ, ಜಾಗ. ಹೋಗ್ಲಿ ಬಿಡ್ರಿ, ಆವರಗೆರೆನೇ ಆಗ್ಲಿ."

ನಾನು ಒಳಗೆ ಹೋಗಿ ತಗ್ಗು ಬಿದ್ದ ತಾಟು ತಂದೆ, ಸೌಟು ತಂದೆ. ಕಣ್ಣು ಮಂಜಾಗಿತ್ತು, ಆದರೂ ಏಟು ಸರಿಯಾಗಿಯೇ ಬಿತ್ತು.

"ಎಷ್ಟನೇ ರೌಂಡೇ?" ಎಂದಳು ಅವ್ವ ಒಳಗಿನಿಂದ.

"ಮೊದಲ್ನೇದು, ಅವ್ವ."